ಏಳನೇ ವಾರ್ಡಿಗೆ ಹೋದ ಔಷಧಿ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರದಲ್ಲೇ, ಯಾರೋ ಒಬ್ಬ ನರ್ಸು ಕಿಟಕಿಯಲ್ಲಿ ಮುಖ ಇಟ್ಟು ‘ಸ್ಟೋರಕ್ಕಾ’ ಎಂದು ಕೂಗಿದಳು. ಅದೇ ಅಂಟಿಕೊಂಡಿತು. ಡಾಕ್ಟರುಗಳು ಬಂದರು, ಹೋದರು, ಕೆಲವರು ದೊಡ್ಡವರಾದರು. ಸ್ಟೋರಕ್ಕ ಮಾತ್ರ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಅದೇ ಮರದ ಸ್ಟೂಲಿನ ಮೇಲೆ ಕೂತೇ ಇದ್ದಳು. ಅವಳು ನಡೆದು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.

ಉಗ್ರಾಣ ಇದ್ದದ್ದು ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಹೊರಗಿನ ಕೋಣೆಯಲ್ಲಿ ಆರು ಕಬ್ಬಿಣದ ರ್‍ಯಾಕು, ಒಂದು ಮೇಜು, ಸಾಮಾನು ಕೊಡುವ ಕಂಬಿ ಕಿಟಕಿ. ಒಳಕೋಣೆಯಲ್ಲಿ ಫ್ರಿಜ್ಜು, ಸ್ಪಿರಿಟ್ಟಿನ ಕ್ಯಾನುಗಳು, ರಟ್ಟಿನ ಪೆಟ್ಟಿಗೆಗಳು. ಕರೆಂಟು ಹೋದರೂ ಅವಳು ಕತ್ತಲಲ್ಲಿ ಕೈ ಚಾಚಿ ಆರೂವರೆ ಸೈಜಿನ ಕೈಗವಸು ಬೇಕೆಂದರೆ ಆರೂವರೆಯದನ್ನೇ ತೆಗೆದು ಕೊಡುತ್ತಿದ್ದಳು. ಇದು ಹೊಗಳಿಕೆಯ ಮಾತಲ್ಲ, ನೋಡಿದವರಿದ್ದಾರೆ.

ಆ ಕಂಬಿ ಕಿಟಕಿಗೆ ಒಂದು ಕೆಟ್ಟ ಗುಣವಿತ್ತು. ಹೆಣದ ಕೋಣೆಗೆ ಹೋಗುವ ದಾರಿ ಅದರ ಮುಂದೆಯೇ ಹಾದುಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಮಧ್ಯಾಹ್ನ ಹೆರಿಗೆ ವಾರ್ಡಿನ ನರ್ಸು ಓಡಿಬಂದು ಗ್ಲೂಕೋಸ್ ಹಾಕುವ ನಳಿಗೆ ಕೇಳಿದಳು. ಬಾಟಲಿಗಳು ಸಾಲುಗಟ್ಟಿ ನಿಂತಿದ್ದವು, ನಳಿಗೆ ಒಂದೂ ಇರಲಿಲ್ಲ. ಸ್ಟೋರಕ್ಕ ‘ಇಲ್ಲ’ ಎಂದಳು. ಒಂದೂವರೆ ಗಂಟೆ ಕಳೆದ ಮೇಲೆ ಆ ಬಾಣಂತಿಯನ್ನು ಬಿಳಿ ಬಟ್ಟೆ ಮುಚ್ಚಿ ಅದೇ ಕಿಟಕಿಯ ಮುಂದೆ ತಳ್ಳಿಕೊಂಡು ಹೋದರು. ಸ್ಟ್ರೆಚರಿನ ಒಂದು ಗಾಲಿ ಕಿರುಗುಡುತ್ತಿತ್ತು. ‘ಇಲ್ಲ’ ಅಂದ ಬಾಯಿಗೆ ಅವತ್ತು ಊಟ ಇಳಿಯಲಿಲ್ಲ.

ಅಲ್ಲಿಂದ ಶುರುವಾಯಿತು ಬಚ್ಚಿಡುವುದು. ಹತ್ತು ಪೆಟ್ಟಿಗೆ ಬಂದರೆ ಒಂಬತ್ತು ರ್‍ಯಾಕಿಗೆ, ಒಂದು ಒಳಕೋಣೆಗೆ. ಪುಸ್ತಕದಲ್ಲಿ ‘ಸಾಗಣೆಯಲ್ಲಿ ಒಡೆದದ್ದು’ ಎಂದು ಬರೆದರೆ ಮುಗಿಯಿತು, ಕೇಳುವವರು ಯಾರು. ಎಲ್ಲವೂ ಖಾಲಿಯಾಗಿ, ಡಾಕ್ಟರೇ ಖುದ್ದು ಓಡಿಬಂದು ಕಿಟಕಿಯ ಕಂಬಿ ಹಿಡಿದು ನಿಂತಾಗ ಅವಳು ನಿಧಾನಕ್ಕೆ ಎದ್ದು, ಒಳಗೆ ಹೋಗಿ, ಗೊಂಚಲಿನಿಂದ ಒಂದು ಕೈ ಆರಿಸಿ, ತಂದು ಕೊಟ್ಟು, ‘ಇದೆ’ ಎನ್ನುವಳು. ಎಲ್ಲಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಹೇಳಿದರೆ ಮರುದಿನವೇ ಯಾರಾದರೂ ಬಂದು ಸುಮ್ಮಸುಮ್ಮನೆ ಖಾಲಿ ಮಾಡುತ್ತಾರೆ ಎಂಬುದು ಅವಳ ಭಯ. ಭಯ ಮಾತ್ರ ಅಂದರೆ ಸುಳ್ಳಾಗುತ್ತದೆ. ಆ ‘ಇದೆ’ ಅನ್ನುವ ಮಾತನ್ನು ತಾನೊಬ್ಬಳೇ ಆಡಬೇಕು ಎಂಬ ಆಸೆಯೂ ಇತ್ತು. ಮೂವತ್ತು ವರ್ಷ ಕಿಟಕಿಯ ಹಿಂದೆ ಕೂತವಳಿಗೆ ಅಷ್ಟು ದೊಡ್ಡಸ್ತಿಕೆ ಹೆಚ್ಚೇನಲ್ಲ ಎಂದು ನನಗೂ ಬಹಳ ದಿನ ಅನ್ನಿಸಿತ್ತು.

ಮನೆಯಲ್ಲೂ ಅವಳದು ಇದೇ ಬುದ್ಧಿ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಮಂಚದ ಕೆಳಗೆ ಬೆಂಕಿಪೊಟ್ಟಣದ ಕಟ್ಟುಗಳು, ಸೋಪಿನ ಕಟ್ಟುಗಳು, ಒಂದು ಚೀಲದ ತುಂಬ ಟಾರ್ಚಿನ ಸೆಲ್ಲು. ‘ನಾವಿಬ್ಬರು ಸತ್ತ ಮೇಲೂ ಈ ಮನೇಲಿ ಸೋಪು ಇರತ್ತೆ, ಯಾರಾದ್ರೂ ಬಂದು ಸ್ನಾನ ಮಾಡ್ಕೊಳ್ಳಲಿ’ ಎಂದು ಗಂಡ ಬಟ್ಟೆ ಅಳತೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದ. ಅವಳು ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ.

ಗೆಳತಿ ಅಂತ ಅವಳಿಗಿದ್ದದ್ದು ಒಬ್ಬಳೇ, ಆಯಮ್ಮ. ವಾರ್ಡು ಗುಡಿಸಿ, ಒರೆಸಿ, ಬೆಳಿಗ್ಗೆ ಉಗ್ರಾಣವನ್ನೂ ಒರೆಸಿ ಹೋಗುವವಳು. ಆಯಮ್ಮನ ಗಂಡ ಅದೇ ಆಸ್ಪತ್ರೆಯ ಮಾಲಿ, ಹೂವಿಗಿಂತ ಹೆಚ್ಚಾಗಿ ಕಳೆಯನ್ನೇ ಕಂಡವನು. ಇಪ್ಪತ್ತೆರಡು ವರ್ಷ ಇಬ್ಬರು ಹೆಂಗಸರೂ ಒಂದೇ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚಿದ್ದಾರೆ. ಮಾಲಿ ಕಿಟಕಿಯ ಹೊರಗೆ ನಿಂತು ‘ನನ್ನ ಪಾಲು ಎಲ್ಲಿ’ ಎಂದರೆ ಸ್ಟೋರಕ್ಕ ಕಂಬಿಯ ಸಂದಿಯಿಂದಲೇ ಏನಾದರೂ ದಾಟಿಸುತ್ತಿದ್ದಳು. ಅವನಿಗೂ ‘ಇಲ್ಲ’ ಅಂದವಳಲ್ಲ.

ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಕಂಪ್ಯೂಟರಿನ ವ್ಯವಸ್ಥೆ ಬಂತು. ಯಾವ ಹಾಸಿಗೆ ಖಾಲಿ, ಯಾವ ನರ್ಸಿಗೆ ಯಾವ ಪಾಳಿ, ಆಪರೇಷನ್ ಕೋಣೆ ಯಾವ ಹೊತ್ತಿಗೆ ಯಾರಿಗೆ, ಉಗ್ರಾಣದಲ್ಲಿ ಏನು ಎಷ್ಟು, ಎಲ್ಲವೂ ಅದರೊಳಗೆ. ಶುರುವಿನಲ್ಲಿ ಅದು ಒಬ್ಬಳೇ ನರ್ಸನ್ನು ಒಂದೇ ಹೊತ್ತಿಗೆ ಎರಡು ವಾರ್ಡಿಗೆ ಹಾಕಿತು, ರಜೆಯಲ್ಲಿದ್ದ ಡಾಕ್ಟರಿಗೆ ಐದು ಆಪರೇಷನ್ ಕೊಟ್ಟಿತು. ಎಲ್ಲರೂ ನಕ್ಕರು. ಹಾಗೆಂದು ಅದನ್ನು ಬರೀ ಬೈಯುವುದು ನ್ಯಾಯವಲ್ಲ. ಅವಧಿ ಮುಗಿಯಲಿರುವ ಔಷಧಿಯನ್ನು ಅದು ತಿಂಗಳ ಮೊದಲೇ ಕೆಂಪಾಗಿ ತೋರಿಸುತ್ತಿತ್ತು. ಯಾರಾದರೂ ಮರೆತರೂ ತಾನೇ ಹೊಸ ಬೇಡಿಕೆ ಕಳಿಸುತ್ತಿತ್ತು. ಸ್ಟೋರಕ್ಕನಿಗೂ ಅದು ಮೆಚ್ಚಿಗೆಯಾಗಿ, ಅಷ್ಟು ವರ್ಷದ ಬುದ್ಧಿಯನ್ನು ಬದಿಗಿಟ್ಟು, ಬಚ್ಚಿಟ್ಟದ್ದನ್ನೆಲ್ಲ ಹೊರಗೆ ತಂದು ಒಂದೂ ಬಿಡದೆ ಅದರೊಳಗೆ ಏರಿಸಿದಳು.

ಮೂರು ತಿಂಗಳಿಗೆ ಅದು ಉತ್ತರ ಕೊಟ್ಟಿತು. ಹಾವು ಕಡಿದವರಿಗೆ ಕೊಡುವ ಇಂಜೆಕ್ಷನ್ನಿನ ಹದಿನೈದು ಸೀಸೆಗಳ ಎದುರು ‘ಹೆಚ್ಚುವರಿ’ ಎಂದು ಮೂಡಿತು. ಬಳಕೆಯಿಲ್ಲದೆ ಕೂತದ್ದು ಬೇರೆ ಕಡೆ ಉಪಯೋಗವಾಗಲಿ ಎಂಬುದು ಅದರ ಲೆಕ್ಕ. ಜೀಪು ಬಂದು ಒಯ್ದಿತು. ಎಂಟನೇ ದಿನ ಸೌದೆ ತರಲು ಹೋದ ಒಬ್ಬ ಹೆಂಗಸನ್ನು ಹೊತ್ತು ತಂದರು. ಉಗ್ರಾಣದಲ್ಲಿ ಇದ್ದದ್ದು ಎರಡೇ ಸೀಸೆ. ಆ ಹೆಂಗಸು ಉಳಿದಳು, ಅವಳ ಕಾಲು ಉಳಿಯಲಿಲ್ಲ. ಸ್ಟೋರಕ್ಕ ಪರದೆಯ ಮುಂದೆ ಕೂತು, ‘ನಿನಗೆ ಲೆಕ್ಕ ಬರತ್ತೆ, ಬುದ್ಧಿ ಬರಲ್ಲ’ ಎಂದಳು. ಬೈದದ್ದು ಕೇಳಿಸಿಕೊಳ್ಳುವ ಜಾತಿಯದಲ್ಲ ಅದು.

ಮತ್ತೆ ಬಚ್ಚಿಡೋಣವೆಂದರೆ ಈಗ ‘ಒಡೆದದ್ದು’ ಎಂದು ಬರೆಯುವಂತಿರಲಿಲ್ಲ. ಒಡೆದದ್ದರ ಫೋಟೋ ಬೇಕು. ಆಗ ಅವಳಿಗೆ ಸಿಕ್ಕಿದ್ದು ಏಳನೇ ವಾರ್ಡು.

ಏಳನೇ ವಾರ್ಡು ಹಿಂದೆ ಕ್ಷಯದವರ ವಾರ್ಡಾಗಿತ್ತು. ಹೆಂಚು ಕುಸಿದು, ಮುಚ್ಚಿ ಹನ್ನೊಂದು ವರ್ಷ. ಈಗ ಅಲ್ಲಿರುವುದು ತುಕ್ಕು ಹಿಡಿದ ಮಂಚಗಳು ಮತ್ತು ಪಾರಿವಾಳಗಳು. ಆದರೆ ಕಂಪ್ಯೂಟರಿಗೆ ವಾರ್ಡುಗಳ ಪಟ್ಟಿ ಕೊಟ್ಟವರು ಹಳೆಯ ಪಟ್ಟಿಯನ್ನೇ ಕೊಟ್ಟಿದ್ದರು. ಪ್ರತಿ ವಾರ್ಡಿಗೂ ಸಾಮಾನು ‘ತಲುಪಿತು’ ಎಂದು ಒತ್ತುವ ಒಬ್ಬ ಜವಾಬ್ದಾರ ಬೇಕೆಂದು ಅದು ಹಟ ಹಿಡಿದಾಗ, ಏಳನೆಯದಕ್ಕೆ ಯಾರೂ ಸಿಗದೆ ಫಾರ್ಮಸಿಸ್ಟಿನ ಹೆಸರು ಸೇರಿಸಿದರು. ಅವನಿಗೆ ಆಸ್ಪತ್ರೆಯಲ್ಲಿ ‘ಆಯ್ತಕ್ಕ’ ಎಂದೇ ಅಡ್ಡಹೆಸರು. ಏನು ಹೇಳಿದರೂ ಆಯ್ತಕ್ಕ. ಎರಡು ಹೆಣ್ಣುಮಕ್ಕಳ ತಂದೆ, ಜಗಳ ಗೊತ್ತಿಲ್ಲದ ಜೀವ. ‘ನಿನ್ನ ಪಾಸ್‌ವರ್ಡು ಕೊಟ್ಟಿರು, ಪ್ರತಿಸಲ ನಿನ್ನನ್ನು ಹುಡುಕಿಕೊಂಡು ಬರೋಕಾಗಲ್ಲ’ ಎಂದಳು ಸ್ಟೋರಕ್ಕ. ಅವನು ‘ಆಯ್ತಕ್ಕ’ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು ಮರೆತೂಬಿಟ್ಟ.

ಅಂದಿನಿಂದ ಹತ್ತರಲ್ಲಿ ಒಂದು ಪಾಲು ಏಳನೇ ವಾರ್ಡಿಗೆ ಹೋಗತೊಡಗಿತು. ಸ್ಟೋರಕ್ಕ ತಾನೇ ಕಳಿಸುವಳು, ಫಾರ್ಮಸಿಸ್ಟಿನ ಹೆಸರಿನಲ್ಲಿ ತಾನೇ ‘ತಲುಪಿತು’ ಎಂದು ಒತ್ತುವಳು. ರೋಗಿಯಿಲ್ಲದ ವಾರ್ಡು ಕೈಗವಸು ತೊಟ್ಟಿತು, ಗ್ಲೂಕೋಸು ಕುಡಿಯಿತು, ಹಾವಿನ ಇಂಜೆಕ್ಷನ್ ಚುಚ್ಚಿಸಿಕೊಂಡಿತು. ಸಾಮಾನು ನಿಜವಾಗಿ ಇದ್ದದ್ದು ಒಳಕೋಣೆಯಲ್ಲಿ. ತಂಪಿನಲ್ಲಿರಬೇಕಾದದ್ದು ಅಲ್ಲಿದ್ದ ಎರಡನೇ ಫ್ರಿಜ್ಜಿನಲ್ಲಿ. ಅದು ಗುಜರಿಗೆ ಹಾಕಲು ಇಟ್ಟ ಫ್ರಿಜ್ಜು. ಗಂಡನ ಗುರುತಿನ ಒಬ್ಬ ರಿಪೇರಿಯವನನ್ನು ಕರೆಸಿ ಸರಿಮಾಡಿಸಿ, ಬೀಗ ಹಾಕಿ, ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ ‘ಕೆಟ್ಟಿದೆ, ಮುಟ್ಟಬೇಡಿ’ ಎಂದು ತಾನೇ ಬರೆದು ಅಂಟಿಸಿದ್ದಳು. ದಿನಾ ಬೆಳಿಗ್ಗೆ ಒಳಗಿನ ಥರ್ಮಾಮೀಟರು ನೋಡಿ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಬಚ್ಚಿಟ್ಟರೂ ಕೆಡಲು ಬಿಟ್ಟವಳಲ್ಲ.

ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಆಗ ಹೋಗಬೇಕಾಗಿ ಬಂತು, ಎರಡು ದಿನದ ತರಬೇತಿಗೆ, ಬೇರೆ ಊರಿಗೆ. ಅದೇ ಕಂಪ್ಯೂಟರಿನ ವ್ಯವಸ್ಥೆಯನ್ನು ಇನ್ನೂ ಚೆನ್ನಾಗಿ ಬಳಸುವುದು ಹೇಗೆಂದು ಕಲಿಸುವ ತರಬೇತಿ. ಉಗ್ರಾಣದ ಹೊರಬಾಗಿಲ ಕೈಯನ್ನು ಫಾರ್ಮಸಿಸ್ಟಿಗೆ ಕೊಟ್ಟಳು. ರ್‍ಯಾಕಿನಲ್ಲಿದ್ದ ಹಾವಿನ ಇಂಜೆಕ್ಷನ್ ಹಿಂದಿನ ವಾರವೇ ಒಬ್ಬ ರೈತನಿಗೆ ಮುಗಿದಿತ್ತು. ಪರದೆಯಲ್ಲಿ ಸೊನ್ನೆ, ಪಕ್ಕದಲ್ಲಿ ‘ಇಪ್ಪತ್ತು ಬರಲಿದೆ’. ಬಸ್ಸು ಹತ್ತುವ ಮುಂಚೆ, ಎರಡನೇ ಫ್ರಿಜ್ಜಿನ ಚಿಕ್ಕ ಬೀಗದ ಕೈಯನ್ನೂ ಅವನಿಗೆ ಕೊಟ್ಟು ವಿಷಯ ಹೇಳಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಎರಡು ದಿನ ತಾನೇ, ಅಂದುಕೊಂಡಳು. ಹೇಗೂ ಫೋನಿದೆ, ಬೇಕಾದರೆ ಕೇಳುತ್ತಾರೆ.

ತರಬೇತಿಯ ಕೋಣೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದರು. ಎಲ್ಲರ ಫೋನೂ ಅದರೊಳಗೆ, ಸದ್ದು ಅಡಗಿಸಿ.

ಅದೇ ಬೆಳಿಗ್ಗೆ ಇತ್ತ ಮಾಲಿ ಏಳನೇ ವಾರ್ಡಿನ ಹಿಂದೆ ಆಳೆತ್ತರ ಬೆಳೆದ ಹುಲ್ಲು ಕೊಯ್ಯುತ್ತಿದ್ದ. ಮೇಲಿನವರು ಆಸ್ಪತ್ರೆ ನೋಡಲು ಬರುತ್ತಾರೆಂದು ದೊಡ್ಡ ಡಾಕ್ಟರು ಚೊಕ್ಕಟ ಮಾಡಿಸುತ್ತಿದ್ದರು. ಒಂಬತ್ತೂವರೆಗೆ ಹಾವು ಕಡಿಯಿತು. ಆಸ್ಪತ್ರೆಯ ಒಳಗೇ ಕಡಿದದ್ದು, ಹಾಗಾಗಿ ಪುಣ್ಯಕ್ಕೆ ಹೊತ್ತು ತರುವ ದೂರವಿಲ್ಲ ಎಂದು ಎಲ್ಲರೂ ಅಂದುಕೊಂಡರು. ಮಾಲಿ ತಾನೇ ನಡೆದು ಬಂದು ಮಂಚದ ಮೇಲೆ ಕೂತ. ಆಯಮ್ಮನಿಗೆ ‘ಸ್ಟೋರಕ್ಕನ್ನ ಕೇಳು, ಇರತ್ತೆ’ ಎಂದ. ಡಾಕ್ಟರು ಪರದೆ ನೋಡಿದರು, ಸೊನ್ನೆ. ಫಾರ್ಮಸಿಸ್ಟು ಉಗ್ರಾಣಕ್ಕೆ ಓಡಿ ಹುಡುಕಾಡಿದ. ಮಾಲಿಯ ರೆಪ್ಪೆ ಇಳಿಬೀಳತೊಡಗಿತ್ತು. ಹತ್ತೂಕಾಲಿಗೆ ಅವನನ್ನು ಆಂಬುಲೆನ್ಸಿನಲ್ಲಿ ಮುಂದಿನ ಊರಿಗೆ ಕಳಿಸಿದರು, ಒಂದೂವರೆ ಗಂಟೆಯ ದಾರಿ. ನರ್ಸು ಮೂಗು ಬಾಯಿಗೆ ಉಸಿರು ತುಂಬುವ ಬಲೂನು ಹಿಡಿದು ಒತ್ತುತ್ತಲೇ ಇದ್ದಳು. ಅರ್ಧ ದಾರಿಯಲ್ಲಿ ಒತ್ತುವುದನ್ನು ನಿಲ್ಲಿಸಿದಳು. ಆಯಮ್ಮ ಅವನ ಕಾಲ ಬಳಿ ಕೂತಿದ್ದಳು.

ಒಂದು ಗಂಟೆಗೆ ಊಟಕ್ಕೆ ಬಿಟ್ಟರು. ಬುಟ್ಟಿಯಿಂದ ಫೋನು ತೆಗೆದರೆ ಹದಿನೇಳು ಕರೆ. ಸ್ಟೋರಕ್ಕ ವಾಪಸ್ಸು ಮಾಡಿದಳು.

‘ಹಾವಿನ ಇಂಜೆಕ್ಷನ್ ಎಲ್ಲಾದರೂ ಇದೆಯಾ ಅಂತ ಕೇಳೋಕೆ ಮಾಡಿದ್ದೆ ಅಕ್ಕ’ ಎಂದ ಫಾರ್ಮಸಿಸ್ಟು. ‘ಈಗ ಬೇಡ. ನಮ್ಮ ಮಾಲಿ ಹೋಗ್ಬಿಟ್ರು.’

ಅವಳು ಫೋನು ಕಿವಿಗಿಟ್ಟುಕೊಂಡೇ ಹೊರಗಿನ ಮೆಟ್ಟಿಲಿಗೆ ಬಂದಳು.

‘ಎಲ್ಲಾ ಕಡೆ ನೋಡಿದೆ ಅಕ್ಕ. ರ್‍ಯಾಕು, ಪೆಟ್ಟಿಗೆ, ಒಳಗಿನ ಫ್ರಿಜ್ಜು. ಕೈಕಾಲೇ ಆಡಲಿಲ್ಲ. ಆ ಕೆಟ್ಟ ಫ್ರಿಜ್ಜಿಗೆ ಒರಗಿಕೊಂಡೇ ನಿಮಗೆ ಮತ್ತೆ ಮತ್ತೆ ಫೋನ್ ಮಾಡಿದೆ.’

ಅವಳ ಸೊಂಟದಲ್ಲಿ ಆ ಫ್ರಿಜ್ಜಿನ ಬೀಗದ ಕೈ ಇತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನದ ತರಬೇತಿಗೆ ಅವಳು ಹೋಗಲಿಲ್ಲ ಎಂಬುದು ಹಾಜರಿ ಪುಸ್ತಕದಲ್ಲಿದೆ.

ಮಾರನೇ ದಿನ ಹೇಳುತ್ತೇನೆ ಅಂದುಕೊಂಡಳು. ಆಯಮ್ಮನ ಮನೆಗೆ ಹೋದಾಗ, ಜನರ ಮಧ್ಯೆ ಗೋಡೆಗೆ ಒರಗಿ ಕೂತಿದ್ದ ಆಯಮ್ಮ ಇವಳ ಕೈ ಹಿಡಿದು, ‘ನೀನು ಇದ್ದಿದ್ದರೆ ಎಲ್ಲಿಂದಾದ್ರೂ ತಂದುಕೊಡ್ತಿದ್ದೆ ಕಣಕ್ಕ. ನೀನು ಯಾವತ್ತು ಇಲ್ಲ ಅಂದಿದ್ದೀಯ’ ಎಂದಳು. ನಾಳೆ, ನಾಡಿದ್ದು ಎಂದು ಮೂರು ವಾರ ಕಳೆದವು. ಅವಳು ದಿನಾ ಬೆಳಿಗ್ಗೆ ಥರ್ಮಾಮೀಟರು ನೋಡಿ ಗುರುತು ಹಾಕುವುದನ್ನು ಮಾತ್ರ ಬಿಡಲಿಲ್ಲ. ಯಾಕೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಒಳ್ಳೆಯ ಇಸ್ತ್ರಿಯ ಅಂಗಿ, ಕೈಯಲ್ಲಿ ಅಚ್ಚು ಹಾಕಿಸಿದ ಹಾಳೆಗಳ ಕಂತೆ. ದೊಡ್ಡ ಡಾಕ್ಟರ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿಕೊಂಡು, ಹಾಳೆಯ ಮೇಲೆ ಬೆರಳಿಟ್ಟು ಕೇಳಿದ.

‘ಆರು ತಿಂಗಳಲ್ಲಿ ಹನ್ನೆರಡು ಸೀಸೆ ಏಳನೇ ವಾರ್ಡಿಗೆ ಹೋಗಿದೆ. ಯಾವ ರೋಗಿಗೆ ಕೊಟ್ಟದ್ದು ಅಂತ ಒಂದು ದಾಖಲೆಯೂ ಇಲ್ಲ. ಅಲ್ಲಿನ ಸಿಸ್ಟರ್ ಯಾರು, ಕರೀರಿ.’

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

‘ಸರ್, ಆ ವಾರ್ಡು ಮುಚ್ಚಿ ಹನ್ನೊಂದು ವರ್ಷ ಆಯ್ತು’ ಎಂದರು.

ಅಧಿಕಾರಿ ಅಷ್ಟಕ್ಕೆ ನಂಬುವವನಲ್ಲ. ಎಲ್ಲರನ್ನೂ ಕರೆದುಕೊಂಡು ಹೋಗಿ ಕಣ್ಣಾರೆ ನೋಡಿದ. ಅರ್ಧ ಕೊಯ್ದ ಹುಲ್ಲು ಹಾಗೇ ಬಿದ್ದು ಒಣಗಿತ್ತು, ಕುಡುಗೋಲನ್ನು ಯಾರೋ ಕಿಟಕಿಯ ಮೇಲೆ ಎತ್ತಿಟ್ಟಿದ್ದರು. ಪಾರಿವಾಳಗಳು ಹಾರಿದವು. ಅಧಿಕಾರಿ ಮತ್ತೆ ಹಾಳೆ ನೋಡಿ, ‘ತಲುಪಿತು ಅಂತ ಒತ್ತಿದವರು ಯಾರು’ ಎಂದು ತಾನೇ ಕೇಳಿ, ತಾನೇ ಓದಿ ಹೇಳಿದ. ಫಾರ್ಮಸಿಸ್ಟಿನ ಹೆಸರು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಮಾತ್ರ ಸ್ಟೋರಕ್ಕನ ಕಡೆ ನೋಡಿದ. ಒಂದೇ ಸಲ. ಆಮೇಲೆ ತಲೆ ತಗ್ಗಿಸಿದ.

ಔಷಧಿ ಕದ್ದು ಹೊರಗೆ ಮಾರಿದ್ದಾನೆ ಎಂದು ಅವತ್ತೇ ತೀರ್ಮಾನವಾಯಿತು. ಮೂವತ್ತೊಂದು ವರ್ಷದ ಸ್ಟೋರಕ್ಕನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ‘ತಲುಪಿತು’ ಎಂದದ್ದು ಅವಳ ಹೆಸರಲ್ಲವಲ್ಲ. ಶುಕ್ರವಾರ ಅವನನ್ನು ಕೆಲಸದಿಂದ ಅಮಾನತು ಮಾಡಿದರು, ಸೋಮವಾರ ಪೊಲೀಸರಿಗೆ ದೂರು ಎಂದರು. ಕ್ಯಾಂಟೀನಿನಲ್ಲಿ ಅವನ ಮುಂದೆ ಟೀ ಲೋಟ ಇಡುವವರೂ ಇಲ್ಲವಾದರು. ಆಯಮ್ಮ ಅವನ ಎದುರು ನಿಂತು, ‘ನಿನ್ನ ಮಕ್ಕಳಿಗೆ ಏನು ಕೊಡಿಸಿದೆ ಆ ದುಡ್ಡಲ್ಲಿ’ ಎಂದು ಕೇಳಿದಳಂತೆ.

ಶನಿವಾರ ಅವನು ತನ್ನ ಸಾಮಾನು ಒಯ್ಯಲು ಬಂದವನು ಉಗ್ರಾಣದ ಕಿಟಕಿಗೆ ಬಂದ. ಗಡ್ಡ ಬೆಳೆದಿತ್ತು.

‘ಅಕ್ಕ, ಎಲ್ಲಿ ಹೋಯ್ತು ಅಂತ ನಾನು ಕೇಳಲ್ಲ’ ಎಂದ. ‘ಚೀಟಿ ಬರೆದುಕೊಟ್ಟವನು ನಾನೇ. ನಿಮ್ಮ ಹೆಸರು ಹೇಳೋಕೆ ನನಗೆ ಬಾಯೇ ಬರ್ತಿಲ್ಲ. ಆದರೆ ನಾನು ಮಾರಿಲ್ಲ ಅಂತ ನಿಮಗೊಬ್ಬರಿಗಾದ್ರೂ ಗೊತ್ತಿರಲಿ.’

‘ಗೊತ್ತಪ್ಪ’ ಎಂದಳು.

‘ಆಯ್ತಕ್ಕ’ ಎಂದು ಅವನು ಹೊರಟುಹೋದ.

ಭಾನುವಾರ ಅವಳು ಗಂಡನ ಮುಂದೆ ಎಲ್ಲ ಹೇಳಿದಳು. ಅವನು ಯಂತ್ರ ನಿಲ್ಲಿಸಿ, ಸೂಜಿಯಿಂದ ದಾರ ತೆಗೆದ.

‘ನಿವೃತ್ತಿಗೆ ನಾಲ್ಕು ತಿಂಗಳೂ ಇಲ್ಲ ನಿನಗೆ. ಹೇಳಿದರೆ ಪಿಂಚಣಿ ಹೋಗತ್ತೆ, ಹೇಳದಿದ್ದರೆ ಆ ಹುಡುಗ ಹೋಗ್ತಾನೆ’ ಎಂದ. ಆಮೇಲೆ ಹೆಂಡತಿಗೆ ಸಮಾಧಾನವಾಗಲಿ ಎಂದೇ, ‘ನೀನೇನು ಕದ್ದಿದ್ದೀಯಾ. ಜನಕ್ಕೆ ಅಂತಲೇ ಇಟ್ಟಿದ್ದೆ’ ಎಂದ.

‘ಕದ್ದು ಮಾರಿದ್ದರೆ ಒಬ್ಬ ಯಾರಾದ್ರೂ ಬದುಕ್ತಿದ್ದ ಕಣ್ರೀ’ ಎಂದಳು ಅವಳು. ಅಷ್ಟು ದಿನದಲ್ಲಿ ಮೊದಲ ಸಲ ಅತ್ತಳು. ಗಂಡ ಎದ್ದು ಹೋಗಿ ಮುಂಬಾಗಿಲು ಹಾಕಿಕೊಂಡು ಬಂದ. ಅಳತೆ ಕೊಡಲು ಬಂದಿದ್ದ ಯಾರೋ ಬಾಗಿಲು ಬಡಿದು ಬಡಿದು ವಾಪಸ್ಸು ಹೋದರು.

ಆಡಳಿತಕ್ಕೆ ಹೇಳುವುದು ಅವಳಿಗೆ ಕಷ್ಟವಾಗಿರಲಿಲ್ಲ. ಒಂದು ಹಾಳೆ, ಒಂದು ಸಹಿ. ಅವಳನ್ನು ತಡೆದು ನಿಲ್ಲಿಸಿದ್ದು ಆಯಮ್ಮ ಒಬ್ಬಳೇ. ಬೇರೆಯವರ ಬಾಯಿಂದ ಅವಳಿಗೆ ತಿಳಿಯಬಾರದು, ಮೊದಲು ಅವಳಿಗೆ ಹೇಳಬೇಕು ಎಂದು ನಿಶ್ಚಯಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಆಯಮ್ಮ ಎಂದಿನಂತೆ ಬಕೆಟ್ಟು, ಬಟ್ಟೆ ಹಿಡಿದು ಒಳಕೋಣೆ ಒರೆಸಲು ಬಂದಳು. ಮಾಲಿ ಹೋದ ಮೇಲೆ ಅವಳ ಕೆಲಸ ಇನ್ನೂ ಚುರುಕಾಗಿತ್ತು, ನಿಂತರೆ ಆಗುವುದಿಲ್ಲ ಎನ್ನುವವಳಂತೆ. ನೆಲ ಒರೆಸಿ, ಮೊದಲ ಫ್ರಿಜ್ಜು ಒರೆಸಿ, ಎರಡನೆಯದಕ್ಕೆ ಬಂದಾಗ ಸ್ಟೋರಕ್ಕ, ‘ಸ್ವಲ್ಪ ಬಿಡು’ ಎಂದಳು. ಗೊಂಚಲಿನಿಂದ ಚಿಕ್ಕ ಕೈ ಆರಿಸಲು ಅವಳಿಗೆ ಮೊದಲ ಸಲ ಹೊತ್ತು ಹಿಡಿಯಿತು. ಬೀಗ ತೆಗೆದು ಬಾಗಿಲು ತೆರೆದಳು. ಒಳಗಿನ ದೀಪ ಹತ್ತಿತು. ಎರಡನೇ ಅರೆಯಲ್ಲಿ ನೀಲಿ ಮುಚ್ಚಳದ ಸೀಸೆಗಳು ಸಾಲಾಗಿ ನಿಂತಿದ್ದವು.

‘ಆ ಹುಡುಗ ಕದ್ದಿಲ್ಲ’ ಎಂದಳು. ‘ಹಾವಿನ ಇಂಜೆಕ್ಷನ್ ಇದೇ. ನಾನೇ ಇಟ್ಟಿದ್ದು. ಅವತ್ತೂ ಇಲ್ಲೇ ಇತ್ತು.’

ಆಯಮ್ಮ ಸೀಸೆಗಳನ್ನು ನೋಡಿದಳು. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

‘ಇದು ಓಡ್ತಾ ಇದೆ ಅಂತ ನನಗೆ ಗೊತ್ತಿತ್ತು’ ಎಂದಳು, ಮೆಲ್ಲಗೆ. ‘ದಿನಾ ಒರೆಸೋಳಿಗೆ ಗೊತ್ತಾಗಲ್ವಾ. ಗುಂಯ್ ಅಂತಿರತ್ತೆ, ಅದರ ಬೆನ್ನು ಬೆಚ್ಚಗಿರತ್ತೆ. ನೀನು ಊಟದ ಡಬ್ಬಿ ಇಟ್ಕೊಳ್ಳೋಕೆ ಕದ್ದು ಇಟ್ಕೊಂಡಿದ್ದೀಯ ಅಂದುಕೊಂಡೆ. ನಿನ್ನ ಗುಟ್ಟು ನಿನಗೇ ಇರಲಿ ಅಂತ ಯಾರಿಗೂ ಹೇಳಲಿಲ್ಲ.’

ಬೈದಿದ್ದರೆ ಸ್ಟೋರಕ್ಕ ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು.

‘ಎಷ್ಟಿದೆ?’ ಎಂದು ಆಯಮ್ಮ ಕೇಳಿದಳು.

‘ಹನ್ನೆರಡು.’

‘ಅವರಿಗೆ ಎಷ್ಟು ಬೇಕಿತ್ತು?’

‘ಹತ್ತು.’

ಆಯಮ್ಮ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಫ್ರಿಜ್ಜಿನ ಬಾಗಿಲು ಮುಚ್ಚಿ, ಮೇಲಿನಿಂದ ಕೆಳಗಿನವರೆಗೆ ಒರೆಸಿದಳು, ಕೆಂಪು ಶಾಯಿಯ ಕಾಗದ ನೆನೆದು ಸುಲಿಯುವವರೆಗೂ ಒರೆಸಿದಳು. ಆಮೇಲೆ ಬಕೆಟ್ಟು ಎತ್ತಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನೋಡದೆ, ‘ಇನ್ನು ಬೀಗ ಹಾಕಬೇಡ’ ಎಂದಳು. ಅವರಿಬ್ಬರ ಮಧ್ಯೆ ಕೊನೆಯ ಮಾತು ಅದೇ. ಊಟದ ಮೇಜಿಗೆ ಆಯಮ್ಮ ಮತ್ತೆಂದೂ ಬರಲಿಲ್ಲ.

ಸ್ಟೋರಕ್ಕ ಹೊರಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ದೊಡ್ಡ ಡಾಕ್ಟರು ಬರಲು ಇನ್ನೂ ಕಾಲು ಗಂಟೆಯಿತ್ತು. ಏಳನೇ ವಾರ್ಡು ತೆರೆದು, ಹನ್ನೆರಡನ್ನೂ ವಾಪಸ್ಸು ಎಂದು ಬರೆದಳು. ಅದು ಕಾರಣ ಕೇಳಿತು. ಕೆಳಗೆ ನಾಲ್ಕೇ ಕಾರಣ ಕೊಟ್ಟಿತ್ತು. ಅವಧಿ ಮುಗಿದಿದೆ, ಒಡೆದಿದೆ, ತಪ್ಪಾಗಿ ಕಳಿಸಲಾಗಿದೆ, ರೋಗಿಗೆ ಬೇಕಾಗಲಿಲ್ಲ. ಅವಳು ನಾಲ್ಕನ್ನೂ ಎರಡೆರಡು ಸಲ ಓದಿದಳು. ಮೂರನೆಯದನ್ನು ಒತ್ತಿದಳು. ಯಾರು ವಾಪಸ್ಸು ಮಾಡುತ್ತಿರುವುದು ಎಂದಾಗ ಫಾರ್ಮಸಿಸ್ಟಿನ ಹೆಸರು ಅಳಿಸಿ, ಮೂವತ್ತೊಂದು ವರ್ಷ ಯಾರೂ ಕರೆಯದ ತನ್ನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಬರೆದಳು.

ಬರಲಿದ್ದ ಇಪ್ಪತ್ತು ಇನ್ನೂ ಬಂದಿರಲಿಲ್ಲ. ಹಾವಿನ ಇಂಜೆಕ್ಷನ್ನಿನ ಎದುರು ಸೊನ್ನೆಯಿದ್ದ ಜಾಗದಲ್ಲಿ ಹನ್ನೆರಡು ಎಂದು ಬಂತು. ಈಗ ಆಸ್ಪತ್ರೆಯ ಯಾವ ಮೂಲೆಯಲ್ಲಿ ಕೂತು ಯಾರು ನೋಡಿದರೂ ಅದು ಕಾಣುತ್ತಿತ್ತು. ಅವಳು ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಡಿಸಿ ಮೇಜಿನ ಮೇಲೆ ಇಟ್ಟು, ದೊಡ್ಡ ಡಾಕ್ಟರ ಕೋಣೆಯ ಕಡೆಗೆ ನಡೆದಳು. ಅವಳು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ತಲೆ ಎತ್ತಿ ನೋಡುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.